ಸೀಲಿನ ಬಾಯಿ ತೊಳೆಯೋದು ಯಾರ ಕೆಲಸ?

ಕನ್ನಡದ ರಬ್ಬರ್ ಸೀಲು ಕೊಳೆಯಾದಾಗ ಮೊದಲು ಹೋಗೋದು ಮಹಾಪ್ರಾಣ. ‘ಧ’ ಅಕ್ಷರದ ಕೆಳಗಿನ ಪುಟ್ಟ ಸೀಳಿನಲ್ಲಿ ಒಣಗಿದ ಶಾಯಿ ಕೂತುಬಿಟ್ಟರೆ ಅದು ‘ದ’ ಆಗುತ್ತೆ. ‘ಭ’ ಹೋಗಿ ‘ಬ’ ಆಗುತ್ತೆ. ಅಧಿಕಾರಿಗಳು ಸದ್ದಿಲ್ಲದೆ ‘ಅದಿಕಾರಿ’ ಆಗಿಬಿಡ್ತಾರೆ. ಆಮೇಲೆ ಒತ್ತಕ್ಷರಗಳ ಸರದಿ. ದೊಡ್ಡಬಳ್ಳಾಪುರ ಅನ್ನೋ ಹೆಸರಲ್ಲಿ ಎರಡು ಒತ್ತು ಇದೆ. ಅಷ್ಟು ಚಿಕ್ಕ ಜಾಗಕ್ಕೆ ಶಾಯಿ, ಧೂಳು, ಕಾಗದದ ನಾರು ಎಲ್ಲಾ ಸೇರಿ ಮೆತ್ತಿಕೊಂಡರೆ ಆ ಒತ್ತುಗಳು ಎರಡು ನೇರಳೆ ಚುಕ್ಕೆಗಳಾಗಿ ಉಳಿಯುತ್ತವೆ. ಕೊನೆಗೆ ಸೊನ್ನೆಗಳು ತುಂಬಿಕೊಳ್ಳುತ್ತವೆ. ತಾರೀಖಿನ ಸೀಲಾದರೆ 3 ಯಾವುದು, 8 ಯಾವುದು ಅಂತ ಹೇಳೋಕೆ ಪಂಚಾಂಗ ನೋಡಬೇಕು.

ಓದೋಕೆ ತಮಾಷೆಯಾಗಿದೆ. ಆದರೆ ಆ ಕಾಗದ ನಿಮ್ಮ ಅಪ್ಪನ ಜಮೀನಿಗೆ ಸಂಬಂಧಪಟ್ಟಿದ್ದು ಅಂತ ಒಂದು ಕ್ಷಣ ಅಂದುಕೊಳ್ಳಿ. ಬ್ಯಾಂಕಿನವರು ಕನ್ನಡಕ ಏರಿಸಿ ನೋಡಿ, ‘ಈ ಸೀಲ್ ಸರಿಯಾಗಿ ಕಾಣ್ತಿಲ್ಲ, ಇನ್ನೊಂದು ಕಾಪಿ ತಗೊಂಬನ್ನಿ’ ಅಂತಾರೆ. ಅವರ ತಪ್ಪೇನಿಲ್ಲ. ಕಾಣದ್ದನ್ನು ಕಾಣ್ತಿದೆ ಅಂತ ಬರೆದುಕೊಳ್ಳೋಕೆ ಅವರಿಗೂ ಆಗಲ್ಲ. ನೀವು ಒಂದು ದಿನ ರಜೆ ಹಾಕಿ ಬೆಂಗಳೂರಿಂದ ದೇವನಹಳ್ಳಿಗೋ ಹೊಸಕೋಟೆಗೋ ಹೋಗ್ತೀರಿ. ಅರ್ಜಿ ಬರೀತೀರಿ, ಸಾಲಲ್ಲಿ ನಿಲ್ತೀರಿ. ಒಳಗೆ ಅದೇ ಸೀಲು, ಅದೇ ಪ್ಯಾಡು.

ನನ್ನ ಪ್ರಶ್ನೆ ಇಷ್ಟೇ. ನಾವು ಬಳಸುವ ಸಲಕರಣೆಯನ್ನು ಚೊಕ್ಕಟವಾಗಿ ಇಟ್ಟುಕೊಳ್ಳೋದು ಬರೀ ಒಳ್ಳೆಯ ಅಭ್ಯಾಸವಾ, ಇಲ್ಲಾ ನಮ್ಮ ಮೇಲಿರುವ ಒಂದು ಋಣವಾ? ಋಣ ಅನ್ನೋದಾದರೆ ಯಾರಿಗೆ? ಸಲಕರಣೆಗಾ, ಅದನ್ನು ಕೊಟ್ಟ ಯಜಮಾನನಿಗಾ, ದೇವರಿಗಾ, ಇಲ್ಲಾ ಇನ್ಯಾರಿಗಾದರೂ?

ಬೇರೆ ಸಲಕರಣೆಗಳ ವಿಷಯದಲ್ಲಿ ಈ ಪ್ರಶ್ನೆ ಅಷ್ಟು ಕಾಡಲ್ಲ. ಕುಡುಗೋಲು ಮೊಂಡಾದರೆ ರಾಗಿ ಕೊಯ್ಯುವವರ ರಟ್ಟೆಯೇ ನೋಯುತ್ತೆ. ಈಳಿಗೆಮಣೆ ಹರಿತ ಇಲ್ಲದಿದ್ದರೆ ಹೆಚ್ಚುವವರೇ ಬೈಕೊಳ್ತಾರೆ. ದೊಡ್ಡಬಳ್ಳಾಪುರದ ಬೀದಿಗಳಲ್ಲಿ ನಡೆದರೆ ಮನೆಮನೆಯಿಂದ ಪವರ್‌ಲೂಮಿನ ಲಟಲಟ ಸದ್ದು ಕೇಳುತ್ತಲ್ಲ, ಆ ಮಗ್ಗಕ್ಕೆ ಹೊತ್ತಿಗೆ ಸರಿಯಾಗಿ ಎಣ್ಣೆ ಬಿಡದಿದ್ದರೆ ನೂಲು ಹರಿಯೋದು, ಕೂಲಿ ಕಮ್ಮಿಯಾಗೋದು ನೇಯುವವರಿಗೇ. ಸಲಕರಣೆಯನ್ನು ಕಡೆಗಣಿಸಿದರೆ ಅದೇ ನಮಗೆ ಬುದ್ಧಿ ಕಲಿಸುತ್ತೆ. ಅಲ್ಲಿ ನೀತಿಪಾಠ ಹೇಳೋಕೆ ಇನ್ನೊಬ್ಬರು ಬೇಕಾಗಿಲ್ಲ.

ಸೀಲಿನ ಕಥೆ ಬೇರೆ. ಸೀಲು ಎಷ್ಟೇ ಕೊಳೆಯಾಗಿದ್ದರೂ ಒತ್ತುವವರ ಕೈ ನೋಯಲ್ಲ. ಸದ್ದು ಅದೇ, ಶ್ರಮ ಅದೇ, ಸಂಬಳ ಅದೇ. ಕೊಳೆ ಮಾತ್ರ ಇನ್ನೊಬ್ಬರ ಕಾಗದಕ್ಕೆ ಅಂಟಿಕೊಂಡು ಕಿಟಕಿಯಿಂದ ಆಚೆ ಹೋಗಿಬಿಡುತ್ತೆ. ಸಾಲದ್ದಕ್ಕೆ ಸೀಲಿನ ಮುಖದಲ್ಲಿ ಅಕ್ಷರಗಳು ತಿರುಗುಮುರುಗಾಗಿ ಇರುತ್ತವೆ. ಹಿಡಿದುಕೊಂಡವರಿಗೆ ಅದನ್ನು ಓದೋಕೇ ಆಗಲ್ಲ. ಒತ್ತಿದ ಮೇಲೆ ಕಾಗದವನ್ನು ನಿಂತು ನೋಡಿದರೆ ಮಾತ್ರ ಗೊತ್ತಾಗೋದು. ಹಿಂದೆ ನಲವತ್ತು ಜನ ನಿಂತಿರುವಾಗ ಯಾರು ನಿಂತು ನೋಡ್ತಾರೆ ಹೇಳಿ?

ಅದಕ್ಕೇ ಸೀಲು ಈ ಪ್ರಶ್ನೆಗೆ ಒಳ್ಳೇ ಉದಾಹರಣೆ ಅಂತ ನನಗನ್ನಿಸೋದು. ಕೊಳೆ ನಮ್ಮ ಕೈಯಲ್ಲಿ ಇರುತ್ತೆ, ಫಲ ಮಾತ್ರ ಇನ್ನೊಬ್ಬರ ಕೈಗೆ ಹೋಗುತ್ತೆ. ನಮಗೆ ನೋವೇ ಆಗದ ಇಂಥ ಕಡೆ ಮನುಷ್ಯ ಹೇಗೆ ನಡೆದುಕೊಳ್ತಾನೆ ಅನ್ನೋದೇ ನೀತಿಯ ನಿಜವಾದ ಪರೀಕ್ಷೆ.

ತಾಲ್ಲೂಕು ಕಚೇರಿಗಳಿರುವ ಬೀದಿಯಲ್ಲಿ ಜೆರಾಕ್ಸ್ ಅಂಗಡಿ, ಪತ್ರ ಬರಹಗಾರರ ಮೇಜು, ಟೀ ಅಂಗಡಿ ಇವುಗಳ ಮಧ್ಯೆ ಸೀಲು ಮಾಡಿಕೊಡುವ ಒಂದು ಗೂಡಂಗಡಿ ಸಾಮಾನ್ಯವಾಗಿ ಇದ್ದೇ ಇರುತ್ತೆ. ದೊಡ್ಡಬಳ್ಳಾಪುರದಲ್ಲಿ ಅಂಥ ಒಂದು ಅಂಗಡಿ ಮುಂದೆ ಒಮ್ಮೆ ನಿಂತಿದ್ದೆ. ಯಾರೋ ಒಬ್ಬರು ಸೀಲು ತಂದು, ‘ಅಣ್ಣಾ, ಇದು ಹೋಯ್ತು, ಹೊಸದು ಮಾಡಿಕೊಡು’ ಅಂದರು. ಅಂಗಡಿಯವರು ಅದನ್ನ ಬೆಳಕಿಗೆ ಹಿಡಿದು ನೋಡಿ, ‘ಕೆಟ್ಟಿಲ್ಲ ಸಾರ್, ಬಾಯಿ ತೊಳೀಬೇಕು ಅಷ್ಟೆ’ ಅಂದರು. ಹಳೇ ಟೂತ್‌ಬ್ರಷ್ಷು, ಒಂದು ತೊಟ್ಟು ಸೋಪಿನ ನೀರು, ಎರಡು ನಿಮಿಷ. ರದ್ದಿ ಪೇಪರ್ ಮೇಲೆ ಒತ್ತಿ ತೋರಿಸಿದರು. ಒತ್ತಕ್ಷರಗಳೆಲ್ಲ ವಾಪಸ್ ಬಂದಿದ್ದವು. ತಂದವರು ಸ್ವಲ್ಪ ನಿರಾಸೆಯಿಂದಲೇ ಸೀಲು ಜೇಬಿಗಿಟ್ಟುಕೊಂಡು ಹೋದರು ಅನ್ನಿ. ಹೊಸದೇ ಬೇಕಿತ್ತೇನೋ.

ಸೀಲನ್ನು ನೋಡಿಕೊಳ್ಳೋದು ಕಷ್ಟದ ವಿದ್ಯೆ ಏನಲ್ಲ. ಹಿಂದೆ ಸೀಸದ ಅಚ್ಚುಮೊಳೆಗಳನ್ನು ಜೋಡಿಸಿ, ಅದರಿಂದ ಪ್ಲಾಸ್ಟರಿನ ಅಚ್ಚು ತೆಗೆದು, ಅದಕ್ಕೆ ಹಸಿ ರಬ್ಬರನ್ನು ಬಿಸಿಯಲ್ಲಿ ಒತ್ತಿ ಸೀಲು ಮಾಡುತ್ತಿದ್ದರು. ರಬ್ಬರಿಗೆ ಗಂಧಕ ಸೇರಿಸಿ ಕಾಯಿಸಿದರೆ ಅದು ಬಿಸಿಲಿಗೆ ಅಂಟದೆ, ಚಳಿಗೆ ಸೆಟೆಯದೆ ಗಟ್ಟಿಯಾಗಿ ನಿಲ್ಲುತ್ತೆ ಅಂತ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡಿದ್ದು 1839ರಲ್ಲಿ. ಪೇಟೆಂಟ್ ಸಿಕ್ಕಿದ್ದು 1844ರಲ್ಲಿ. ಈಗ ಕಂಪ್ಯೂಟರಿನಲ್ಲಿ ಅಕ್ಷರ ಕೂರಿಸಿ, ನೆಗೆಟಿವ್ ತೆಗೆದು, ಬೆಳಕಿಗೆ ಗಟ್ಟಿಯಾಗುವ ಪಾಲಿಮರ್ ದ್ರವದಲ್ಲಿ ಅಚ್ಚು ಮೂಡಿಸ್ತಾರೆ. ಕೆಲವು ಕಡೆ ಲೇಸರ್ ಬಂದಿದೆ.

ಯಾವುದೇ ಆದರೂ ಉಪಚಾರ ಹೆಚ್ಚುಕಮ್ಮಿ ಒಂದೇ. ದಿನದ ಕೊನೆಗೆ ರದ್ದಿ ಕಾಗದದ ಮೇಲೆ ನಾಲ್ಕು ಸಲ ಒತ್ತಿ ಮಿಕ್ಕ ಶಾಯಿ ತೆಗೆಯೋದು. ಒದ್ದೆ ಬಟ್ಟೆಯಲ್ಲಿ ಒರೆಸೋದು. ಅಕ್ಷರದ ಸಂದಿಗೆ ಮೆತ್ತನೆ ಬ್ರಷ್ ಆಡಿಸೋದು. ಒಣ ಬಟ್ಟೆಯಲ್ಲಿ ಒತ್ತಿ ನೆರಳಲ್ಲಿ ಇಡೋದು. ಪೆಟ್ರೋಲು, ಸೀಮೆಎಣ್ಣೆ, ಥಿನ್ನರ್ ಹತ್ತಿರಕ್ಕೂ ತರಬಾರದು, ರಬ್ಬರು ಊದಿಕೊಳ್ಳುತ್ತೆ. ಗುಂಡುಸೂಜಿಯಿಂದ ಕೆರೆಯಬಾರದು, ಕೊಳೆ ಜೊತೆ ಅಕ್ಷರವೂ ಕಿತ್ತು ಬರುತ್ತೆ. ಕಿಟಕಿ ಪಕ್ಕ ಬಿಸಿಲಿಗೆ ಇಟ್ಟರೆ ಬಿರುಕು ಬಿಡುತ್ತೆ. ಪ್ಯಾಡಿನ ಮುಚ್ಚಳ ಮುಚ್ಚಬೇಕು, ಇಲ್ಲದಿದ್ದರೆ ಬೀದಿಯ ಧೂಳೆಲ್ಲ ಅಲ್ಲೇ ಬಂದು ಕೂರುತ್ತೆ. ಒಳಗೇ ಶಾಯಿ ತುಂಬಿರುವ ಹೊಸ ನಮೂನೆಯ ಸೀಲಾದರೆ ನೀರು ತಾಗಿಸದೆ, ರದ್ದಿ ಕಾಗದಕ್ಕೆ ಒತ್ತಿಯೇ ಸ್ವಚ್ಛ ಮಾಡಬೇಕು. ಅದಕ್ಕೆ ಅದರದ್ದೇ ಶಾಯಿ ಹಾಕಬೇಕು.

ಒಟ್ಟು ಎರಡು ಮೂರು ನಿಮಿಷದ ಕೆಲಸ. ಇಷ್ಟು ಸುಲಭ ಇದ್ದೂ ಯಾಕೆ ಆಗಲ್ಲ?

ನಮ್ಮಲ್ಲಿ ಸಲಕರಣೆಗಳ ಬಗ್ಗೆ ಗೌರವ ಇಲ್ಲ ಅಂತ ಯಾರೂ ಹೇಳೋ ಹಾಗಿಲ್ಲ. ವರ್ಷಕ್ಕೊಂದು ದಿನವನ್ನೇ ಅದಕ್ಕೆ ಮೀಸಲಿಟ್ಟಿದ್ದೀವಿ. ಆಯುಧಪೂಜೆ ದಿನ ನೆಲಮಂಗಲದ ಹೆದ್ದಾರಿ ಪಕ್ಕ ಲಾರಿಗಳ ಅಲಂಕಾರ ನೋಡಿ, ದೊಡ್ಡಬಳ್ಳಾಪುರದ ಮಗ್ಗಗಳಿಗೆ ಹಾಕಿದ ಹೂವಿನ ಹಾರ ನೋಡಿ. ಕಚೇರಿಗಳಲ್ಲಿ ಕಂಪ್ಯೂಟರು, ಪ್ರಿಂಟರು, ಸ್ಟೇಪ್ಲರು, ಸೀಲು ಎಲ್ಲಕ್ಕೂ ಅರಿಶಿನ ಕುಂಕುಮ. ಬೂದುಗುಂಬಳ ಒಡೆದು ಚುರುಮುರಿ ಹಂಚಿ ಮನೆಗೆ ಹೋಗ್ತೀವಿ. ಆ ಕುಂಕುಮ ಸೀಲಿನ ಮುಖಕ್ಕೆ ಬಿದ್ದಿದ್ದರೆ, ಹಬ್ಬ ಮುಗಿದು ಬಂದ ಮೊದಲ ಅರ್ಜಿದಾರನ ಕಾಗದದ ಮೇಲೆ ಒತ್ತಕ್ಷರದ ಜಾಗದಲ್ಲಿ ಅದೇ ಮೂಡುತ್ತೆ!

ಪೂಜೆಯನ್ನು ಗೇಲಿ ಮಾಡೋ ಉದ್ದೇಶ ನನಗಿಲ್ಲ. ನಮ್ಮ ಸಂಪ್ರದಾಯದ ಒಳಗೇ ಇದಕ್ಕೆ ಉತ್ತರ ಇದೆ ಅಂತ ಹೇಳೋಕೆ ಹೊರಟಿದ್ದೀನಿ. ದೇವರ ಮನೆಯ ಹಿತ್ತಾಳೆ ದೀಪಕ್ಕೆ ಮೊದಲು ಹುಣಸೆಹಣ್ಣು, ಆಮೇಲೆ ಕುಂಕುಮ. ಎಣ್ಣೆ ಜಿಡ್ಡಿನ ದೀಪಕ್ಕೆ ಹೂವಿಟ್ಟು ಮುಗಿಸಿದರೆ ಅಜ್ಜಿ ಸುಮ್ಮನೆ ಬಿಡ್ತಾರಾ? ತೊಳೆಯೋದು ಪೂಜೆಗೆ ಮುಂಚಿನ ಚಿಲ್ಲರೆ ಕೆಲಸ ಅಂತ ಅವರು ಅಂದುಕೊಂಡೇ ಇರಲಿಲ್ಲ. ತೊಳೆಯುವಲ್ಲೇ ಪೂಜೆ ಶುರುವಾಗಿರುತ್ತಿತ್ತು. ವಿಧಾನಸೌಧದ ಮುಂಭಾಗದಲ್ಲಿ ಸರ್ಕಾರದ ಕೆಲಸ ದೇವರ ಕೆಲಸ ಅಂತ ಕೆತ್ತಿದೆ. ಆ ಕಟ್ಟಡ ಮುಗಿದಿದ್ದು 1956ರಲ್ಲಿ. ಆ ಮಾತನ್ನು ನಾವು ಕೆಲಸದ ದೊಡ್ಡಸ್ತಿಕೆ ಅಂತ ಓದಿಕೊಂಡಿದ್ದೀವಿ. ಅಜ್ಜಿಯ ಲೆಕ್ಕದಲ್ಲಿ ಓದಿದರೆ ಅರ್ಥ ಬೇರೆ: ದೇವರ ಕೆಲಸ ಅಂದಮೇಲೆ ಪಾತ್ರೆ ದಿನಾ ತೊಳೆಯಬೇಕು.

ಕಾಯಕದ ಮಾತೂ ಹೀಗೇ ಆಗಿದೆ. ಹನ್ನೆರಡನೇ ಶತಮಾನದ ಶರಣರ ಹೆಸರು ಹೇಳಿಕೊಂಡು ಕೆಲಸವೇ ಪೂಜೆ ಅಂತ ಕಚೇರಿ ಗೋಡೆಗೆ ಬರೆಸ್ತೀವಿ. ಆದರೆ ಅವರ ಯೋಚನೆಯಲ್ಲಿ ಕಾಯಕದ ಜೊತೆ ದಾಸೋಹ ಇತ್ತು. ಮಾಡಿದ ಕೆಲಸದ ಫಲ ಇನ್ನೊಬ್ಬರಿಗೆ ಸಲ್ಲಬೇಕು, ಆಗಲೇ ಅದು ಪೂರ್ಣ. ಆ ಅಳತೆಗೋಲು ಹಿಡಿದರೆ ಸೀಲು ಒತ್ತಿದಲ್ಲಿಗೆ ಕಾಯಕ ಮುಗಿಯಲ್ಲ. ಕಿಟಕಿಯ ಆಚೆ ಇರುವವರಿಗೆ ಅದು ಓದೋಕೆ ಬರಬೇಕು. ಅಲ್ಲಿಗೆ ನನ್ನ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು ಅನ್ನಿಸುತ್ತೆ. ಸೀಲನ್ನು ತೊಳೆಯೋ ಋಣ ಸೀಲಿಗಲ್ಲ, ರಬ್ಬರಿಗೆ ನೋವೂ ಇಲ್ಲ, ಮಾನವೂ ಇಲ್ಲ. ನಾವು ಮುಖ ಕೂಡ ನೆನಪಿಟ್ಟುಕೊಳ್ಳದ ಆ ಅಪರಿಚಿತರಿಗೆ ಅದು ಸಲ್ಲಬೇಕು.

ಇದಕ್ಕೆ ಆಕ್ಷೇಪಣೆಗಳೂ ಇವೆ. ಒಂದೊಂದಾಗಿ ನೋಡೋಣ.

ಮೊದಲನೇದು, ‘ಸೀಲು ಅಗ್ಗ. ಕೊಳೆಯಾದರೆ ಬಿಸಾಕಿ ಹೊಸದು ಮಾಡಿಸಿದರಾಯ್ತು.’ ಸರಿ, ಆದರೆ ಯಾವಾಗ ಬಿಸಾಕ್ತೀರಿ? ಕೊಳೆಯಾಗಿದೆ ಅಂತ ಗೊತ್ತಾದಾಗ. ಯಾವಾಗ ಗೊತ್ತಾಗುತ್ತೆ? ಸಾಕಷ್ಟು ಜನ ವಾಪಸ್ ಬಂದು ದೂರಿದಾಗ. ಅಷ್ಟರಲ್ಲಿ ಎಷ್ಟು ಕಾಗದ ಆಚೆ ಹೋಗಿರುತ್ತೋ ಲೆಕ್ಕ ಇಟ್ಟವರಿಲ್ಲ. ಅಗ್ಗದ ವಸ್ತು ದುಬಾರಿ ಕಾಗದದ ಮೇಲೆ ಕೂರುತ್ತೆ ಅನ್ನೋದನ್ನ ಈ ವಾದ ಮರೆಯುತ್ತೆ. ದೇವನಹಳ್ಳಿಯಲ್ಲಿ 2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಸುತ್ತಮುತ್ತ ಒಂದು ಗುಂಟೆಯ ಬೆಲೆ ಏನಾಯ್ತು ಅಂತ ನಿಮಗೆ ಗೊತ್ತು. ಅಲ್ಲಿ ಒಂದು ಮಸುಕಾದ ತಾರೀಖು ಅಣ್ಣತಮ್ಮಂದಿರನ್ನು ಕೋರ್ಟಿನ ಮೆಟ್ಟಿಲು ಹತ್ತಿಸೋಕೆ ಸಾಕು.

ಎರಡನೇದು ಸ್ವಲ್ಪ ಜಾಣ ಆಕ್ಷೇಪಣೆ. ದಾಖಲೆಗಳನ್ನು ಪರೀಕ್ಷಿಸುವ ವಿಧಿವಿಜ್ಞಾನ ತಜ್ಞರು ಒಂದು ಮುದ್ರೆ ಇದೇ ಸೀಲಿನದ್ದು ಅಂತ ಗುರುತು ಹಿಡಿಯೋದು ಅದರ ದೋಷಗಳಿಂದ. ಸವೆದ ಅಂಚು, ಮುರಿದ ಅಕ್ಷರ, ಸಂದಿಯಲ್ಲಿ ಕೂತ ಕೊಳೆ. ಅಂದರೆ ಹೊಚ್ಚಹೊಸ ಸೀಲಿಗಿಂತ ಹಳೇ ಸೀಲಿಗೇ ವ್ಯಕ್ತಿತ್ವ ಜಾಸ್ತಿ. ಹಾಗಿದ್ದರೆ ತೊಳೆಯೋದು ಅದರ ಗುರುತನ್ನೇ ಅಳಿಸಿದ ಹಾಗೆ ಅಲ್ವಾ?

ಈ ವಾದ ನನಗೆ ಇಷ್ಟ. ಯಾಕಂದರೆ ಇದು ಒಂದು ವ್ಯತ್ಯಾಸವನ್ನು ಕಾಣಿಸುತ್ತೆ: ಕೊಳೆ ಬೇರೆ, ಗಾಯ ಬೇರೆ. ಬ್ರಷ್ ಹಾಕಿದರೆ ಹೋಗೋದು ಕೊಳೆ. ಎಷ್ಟು ತೊಳೆದರೂ ಉಳಿಯೋದು ಗಾಯ. ಸೀಲಿನ ವ್ಯಕ್ತಿತ್ವ ಗಾಯದಲ್ಲಿದೆ, ಅದನ್ನು ಯಾರೂ ಕಿತ್ತುಕೊಳ್ಳಲ್ಲ. ಕೊಳೆ ಇವತ್ತಿರುತ್ತೆ, ನಾಳೆ ಬೇರೆ ಥರ ಇರುತ್ತೆ. ಅದನ್ನ ನಂಬಿ ಗುರುತು ಹಿಡಿಯೋಕೂ ಕಷ್ಟ. ಮನುಷ್ಯರ ವಿಷಯದಲ್ಲೂ ನಾವು ಈ ಎರಡನ್ನು ಬೆರೆಸಿಬಿಡ್ತೀವಿ. ‘ನಾನಿರೋದೇ ಹೀಗೆ’ ಅಂತ ಹೇಳುವಾಗ ಅದರಲ್ಲಿ ಅರ್ಧ ಬದುಕು ಕೊಟ್ಟ ಗಾಯ, ಇನ್ನರ್ಧ ಐದು ನಿಮಿಷದಲ್ಲಿ ಒರೆಸಬಹುದಾದ ಕೊಳೆ. ಇನ್ನೊಂದು ಮಾತು. ತಜ್ಞರ ಭೂತಕನ್ನಡಿ ಬರೋದು ನಂಬಿಕೆ ಮುರಿದ ಮೇಲೆ. ತೊಳೆಯೋದು ಅದು ಮುರಿಯದೆ ಇರಲಿ ಅಂತ.

ಮೂರನೇ ಆಕ್ಷೇಪಣೆ ವಿನ್ಯಾಸದ ಕಡೆಯಿಂದ. ‘ಮನುಷ್ಯರನ್ನು ತಿದ್ದೋಕೆ ಹೋಗಬೇಡಿ, ತಪ್ಪು ತಡೆದುಕೊಳ್ಳುವ ವ್ಯವಸ್ಥೆ ಮಾಡಿ.’ ಇದಕ್ಕೊಂದು ಚಂದದ ಉದಾಹರಣೆ ನಮ್ಮ ಮತಪತ್ರ. ಕರ್ನಾಟಕದಲ್ಲಿ 2020ರ ಡಿಸೆಂಬರ್ 22 ಮತ್ತು 27ರಂದು ನಡೆದ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಬೀದರ್ ಜಿಲ್ಲೆ ಬಿಟ್ಟರೆ ಉಳಿದ ಕಡೆ ಮತಪತ್ರವೇ ಇತ್ತು. ಮತ ಹಾಕೋದು ಅಂದರೆ ಪ್ಯಾಡಿಗೆ ಅದ್ದಿ ರಬ್ಬರ್ ಮುದ್ರೆ ಒತ್ತೋದು. ನಮ್ಮ ದೇಶದಲ್ಲಿ ಮತಪತ್ರಕ್ಕೆ ಬಳಸುವ ಬಾಣದ ಗುರುತಿನ ಆ ಮುದ್ರೆಯ ತೋಳುಗಳು ಒಂದೇ ದಿಕ್ಕಿಗೆ ತಿರುಗಿರುತ್ತವೆ. ಶಾಯಿ ಆರುವ ಮೊದಲೇ ಮಡಚಿದಾಗ ಎದುರಿನ ಅಭ್ಯರ್ಥಿಯ ಜಾಗಕ್ಕೂ ಗುರುತು ಅಂಟಿತು ಅನ್ನಿ, ಅಲ್ಲಿ ತೋಳುಗಳು ಉಲ್ಟಾ ದಿಕ್ಕಿಗೆ ಇರುತ್ತವೆ. ಯಾವುದು ಒತ್ತಿದ್ದು, ಯಾವುದು ಅಂಟಿದ್ದು ಅಂತ ಎಣಿಸುವವರಿಗೆ ಗೊತ್ತಾಗುತ್ತೆ, ಮತ ಉಳಿಯುತ್ತೆ. ಮಡಚುವವರ ಅವಸರವನ್ನು ಮೊದಲೇ ಕ್ಷಮಿಸಿಬಿಟ್ಟ ವಿನ್ಯಾಸ ಇದು.

ಆದರೆ ಈ ಕ್ಷಮೆಗೂ ಒಂದು ಗಡಿ ಇದೆ. ತೋಳುಗಳ ಮಧ್ಯೆ ಶಾಯಿ ಕಟ್ಟಿ ಗುರುತು ಬರೀ ಒಂದು ನೇರಳೆ ಬೊಟ್ಟಾಗಿ ಮೂಡಿದರೆ ಎಡ ಯಾವುದು, ಬಲ ಯಾವುದು? ಮತ ಯಾರಿಗೆ ಅನ್ನೋದೇ ಅನುಮಾನವಾದರೆ ಆ ಮತಪತ್ರ ತಿರಸ್ಕಾರವಾಗುತ್ತೆ. ಪಂಚಾಯಿತಿ ಚುನಾವಣೆಯಲ್ಲಿ ಒಂದೆರಡು ಮತದಲ್ಲಿ ಗೆಲ್ಲೋದು, ಸಮಸಮ ಆಗಿ ಚೀಟಿ ಎತ್ತೋದು ಹೊಸದಲ್ಲ. ಜಾಣ ವಿನ್ಯಾಸ ಕೂಡ ಕೊನೆಗೆ ಒಂದು ಒದ್ದೆ ಬಟ್ಟೆಯ ಮೇಲೆ ನಿಂತಿರುತ್ತೆ.

ನಾಲ್ಕನೇದು ನಿಮ್ಮ ಬಾಯಲ್ಲೇ ಇದೆ ಅಂತ ಗೊತ್ತು. ‘ಸೀಲಿನ ಕಾಲ ಮುಗೀತು. ಈಗೆಲ್ಲ ಕ್ಯೂಆರ್ ಕೋಡು, ಡಿಜಿಟಲ್ ಸಹಿ.’ ಹೌದು, ಭೂಮಿ ಯೋಜನೆಯಲ್ಲಿ ಕರ್ನಾಟಕದ 176 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದು ಎರಡು ದಶಕ ದಾಟಿದೆ. ಈಗ ತಾಲ್ಲೂಕು ಕಚೇರಿಯ ಹಳೇ ಕಡತಗಳನ್ನೂ ಸ್ಕ್ಯಾನ್ ಮಾಡುವ ಕೆಲಸ ನಡೀತಿದೆ. ಆದರೆ ಸ್ಕ್ಯಾನರ್ ಏನನ್ನು ನೋಡುತ್ತೆ? ಕಾಗದದ ಮೇಲೆ ಇದ್ದದ್ದನ್ನು. ಮೂವತ್ತು ವರ್ಷದ ಹಿಂದೆ ಯಾರೋ ತೊಳೆಯದೇ ಒತ್ತಿದ ಸೀಲು ಇವತ್ತು ಸ್ಪಷ್ಟವಾದ ಸ್ಕ್ಯಾನಿನಲ್ಲಿ ಅಸ್ಪಷ್ಟವಾಗಿಯೇ ಕಾಣುತ್ತೆ, ಇನ್ನು ಮುಂದೆ ಶಾಶ್ವತವಾಗಿ ಹಾಗೇ ಕಾಣುತ್ತೆ. ಸೀಲನ್ನು ನಾಳೆ ತೊಳೆಯಬಹುದು. ಒತ್ತಿಬಿಟ್ಟ ಗುರುತನ್ನು ಯಾವತ್ತೂ ತೊಳೆಯೋಕಾಗಲ್ಲ. ನೀತಿಯ ದೃಷ್ಟಿಯಿಂದ ಇಡೀ ವಿಷಯ ಇದರಲ್ಲೇ ಇದೆ ಅನ್ನಬಹುದು.

ಮತ್ತೆ, ನಾವು ನೀವೇನು ಸೀಲು ಒತ್ತುತ್ತಿಲ್ವಾ? ಕಂಪನಿಯಲ್ಲಿ ಒಂದು ಎಕ್ಸೆಲ್ ಟೆಂಪ್ಲೇಟು ಮಾಡಿಟ್ಟಿರ್ತೀರಿ, ಅದರಿಂದ ನೂರಾರು ಜನರ ಸಂಬಳದ ಚೀಟಿ ಬರುತ್ತೆ. ಒಂದು ಕೋಡ್ ಬರೆದಿರ್ತೀರಿ, ಅದು ದಿನಕ್ಕೆ ಸಾವಿರ ಸಲ ಒತ್ತುತ್ತೆ. ಆಸ್ಪತ್ರೆಯ ಸಾಫ್ಟ್‌ವೇರಿನಲ್ಲಿ ಹೆಸರಿನ ಜಾಗ ಚಿಕ್ಕದು ಮಾಡಿರ್ತೀರಿ, ಯಾರದೋ ಉದ್ದ ಹೆಸರು ಅರ್ಧಕ್ಕೇ ಕತ್ತರಿಸಿ ಹೋಗುತ್ತೆ, ವಿಮೆಯವರು ‘ಹೆಸರು ಹೊಂದ್ತಿಲ್ಲ’ ಅಂತಾರೆ. ಇವೆಲ್ಲದರ ಮುಖವೂ ನಮ್ಮ ಕಡೆಯಿಂದ ತಿರುಗುಮುರುಗಾಗೇ ಇರುತ್ತೆ. ಕೊಳೆ ಕಾಣಬೇಕಾದರೆ ಆಚೆ ಕಡೆಯ ಕಾಗದ ನೋಡಬೇಕು.

ಇನ್ನು ಯಾರು ತೊಳೆಯಬೇಕು ಅನ್ನೋ ಪ್ರಶ್ನೆ. ಸೀಲಿನ ಮೇಲೆ ಇರೋದು ಅಧಿಕಾರಿಯ ಹುದ್ದೆ, ಕೆಲವೊಮ್ಮೆ ಹೆಸರು. ತೊಳೆಯೋದು, ಅದೂ ತೊಳೆದರೆ, ಡಿ ಗ್ರೂಪ್ ನೌಕರರು. ಅವರ ಹೆಸರು ಯಾವ ಮುದ್ರೆಯಲ್ಲೂ ಬರಲ್ಲ. ಚೆನ್ನಾಗಿ ಮಾಡಿದರೆ ಯಾರಿಗೂ ಕಾಣಲ್ಲ, ಮಾಡದಿದ್ದರೆ ಬೈಗುಳ. ಮನೆಯಲ್ಲಿ ಪಾತ್ರೆ ತೊಳೆಯುವವರ ಕಥೆಯೂ ಇದೇ ಅಲ್ವಾ? ನೋಟರಿಗಳ ಸೀಲು 5 ಸೆಂಟಿಮೀಟರ್ ವ್ಯಾಸದ ದುಂಡು ಸೀಲಾಗಿರಬೇಕು, ಅದರಲ್ಲಿ ಹೆಸರು, ಕ್ಷೇತ್ರ, ನೇಮಿಸಿದ ಸರ್ಕಾರದ ಹೆಸರು ಇರಬೇಕು ಅಂತ 1956ರ ನೋಟರಿ ನಿಯಮ ಹೇಳುತ್ತೆ. ಅಧಿಕಾರದ ಅಳತೆ ಹೀಗೆ ನಿಯಮದಲ್ಲಿ ಬರೆದಿರುತ್ತೆ. ಟೂತ್‌ಬ್ರಷ್ಷಿನ ವಿಷಯ ಯಾರದೋ ಒಳ್ಳೇತನಕ್ಕೆ ಬಿಟ್ಟಿರುತ್ತೆ.

ಹೆಸರು ಯಾರದ್ದೋ ಅವರೇ ವಾರಕ್ಕೊಮ್ಮೆಯಾದರೂ ತಮ್ಮ ಸೀಲನ್ನು ತಾವೇ ತೊಳೆಯಲಿ ಅಂತ ನನ್ನ ಆಸೆ. ಬೇರೆಯವರ ಕೆಲಸ ಕಸಿದುಕೊಳ್ಳೋಕಲ್ಲ. ತೊಳೆಯುವಾಗ ಮಾತ್ರ ನಾವು ಸೀಲಿನ ಮುಖವನ್ನು ನೋಡೋದು. ನನ್ನ ಹೆಸರಿನ ಯಾವ ಅಕ್ಷರ ಸವೆದಿದೆ, ಎಲ್ಲಿ ಬಿರುಕು ಬಿಟ್ಟಿದೆ ಅಂತ ಆಗಲೇ ಗೊತ್ತಾಗೋದು.

ಹಾಗಂತ ಇಡೀ ಹೊರೆಯನ್ನು ಕಿಟಕಿಯ ಹಿಂದೆ ಕೂತವರ ಮನಸ್ಸಾಕ್ಷಿಯ ಮೇಲೆ ಹಾಕೋದೂ ಅನ್ಯಾಯ. ಇಬ್ಬರ ಕೆಲಸ ಒಬ್ಬರು ಮಾಡ್ತಾ, ಊಟದ ಹೊತ್ತು ಮೀರಿ ಕೂತವರಿಗೆ ‘ಸೀಲು ತೊಳೆದ್ರಾ?’ ಅಂತ ಕೇಳುವ ಮುಖ ನಮಗಿಲ್ಲ. ಮೇಲಿನವರು ದಿನದಲ್ಲಿ ಐದು ನಿಮಿಷ ಕೊಡಬೇಕು, ಒಂದು ಬ್ರಷ್ಷು, ಒಂದು ಬಟ್ಟೆ, ಸರಿಯಾದ ಶಾಯಿ ಕೊಡಬೇಕು. ಈ ವಿಷಯದಲ್ಲಿ ಅಂಚೆ ಇಲಾಖೆಯ ಪದ್ಧತಿ ನನಗೆ ಮೆಚ್ಚುಗೆ. ಬೆಳಿಗ್ಗೆ ತಾರೀಖು ಬದಲಿಸಿದ ಮೇಲೆ ಠಸ್ಸೆಯನ್ನು ಮೊದಲು ಕಚೇರಿಯ ಪುಸ್ತಕದಲ್ಲಿ ಒತ್ತಿಡ್ತಾರೆ, ಆಮೇಲೆ ಜನರ ಕಾಗದಕ್ಕೆ. ಸರಳ ಪದ್ಧತಿ. ಆದರೆ ಅದರಿಂದ ದಿನದ ಮೊದಲ ಅಸ್ಪಷ್ಟ ಗುರುತು ಯಾರದೋ ಕಾಗದಕ್ಕೆ ಹೋಗುವ ಬದಲು ಕಚೇರಿಯ ಪುಸ್ತಕಕ್ಕೇ ಬೀಳುತ್ತೆ. ನಮ್ಮ ಕೊಳೆಯ ಫಲ ಮೊದಲು ನಮಗೇ ಕಾಣುತ್ತೆ. ಮೊಂಡು ಕುಡುಗೋಲು ರೈತನಿಗೆ ಕಲಿಸುವ ಪಾಠವನ್ನು ಯಾರೋ ಯೋಚಿಸಿ ಸೀಲಿನವರಿಗೂ ಸಿಗುವ ಹಾಗೆ ಮಾಡಿದ್ದಾರೆ.

ನೋಡಿಕೊಳ್ಳೋದು ಅಂದರೆ ಮುಗಿಸೋದೂ ಅದರಲ್ಲಿ ಸೇರಿದೆ. ಬೆಂಗಳೂರು ಗ್ರಾಮಾಂತರ ಜಿಲ್ಲೆ ಹುಟ್ಟಿದ್ದು 1986ರಲ್ಲಿ. 2007ರಲ್ಲಿ ರಾಮನಗರ ಜಿಲ್ಲೆ ಬೇರೆಯಾದಾಗ ಮಾಗಡಿ, ಕನಕಪುರ, ಚನ್ನಪಟ್ಟಣದ ಕಡೆಯ ಸೀಲುಗಳೆಲ್ಲ ಬದಲಾಗಬೇಕಾಯಿತು. 2014ರ ನವೆಂಬರ್ 1ರಂದು ಇಂಗ್ಲಿಷಿನ ಬ್ಯಾಂಗಲೋರ್ ಕೂಡ ಬೆಂಗಳೂರು ಆಯಿತು. ಕನ್ನಡದ ಸೀಲುಗಳು ಮಾತ್ರ ಮೊದಲಿಂದಲೂ ಸರಿಯಾಗೇ ಇದ್ದವು ಅನ್ನೋದು ಬೇರೆ ಮಾತು. 2025ರ ಜುಲೈನಲ್ಲಿ ನಂದಿಬೆಟ್ಟದಲ್ಲಿ ಸೇರಿದ ಸಚಿವ ಸಂಪುಟ ಗ್ರಾಮಾಂತರ ಜಿಲ್ಲೆಗೆ ಬೆಂಗಳೂರು ಉತ್ತರ ಅಂತ ಹೆಸರಿಡುವ ತೀರ್ಮಾನ ಮಾಡಿತು. ಹೆಸರು ಬದಲಾದ ಪ್ರತಿ ಸಲವೂ ಸೀಲಿನ ಅಂಗಡಿಗಳಿಗೆ ಸುಗ್ಗಿ. ಹಳೇ ಸೀಲುಗಳು ಎಲ್ಲಿಗೆ ಹೋಗ್ತವೆ? ಬಹಳಷ್ಟು ಸಲ ಡ್ರಾಯರಿನ ಮೂಲೆಗೆ.

ಅಲ್ಲೇ ಅಪಾಯ ಇರೋದು. ನಕಲಿ ಛಾಪಾ ಕಾಗದದ ಹಗರಣ ನೆನಪಿದೆಯಲ್ಲ? ಬೆಳಗಾವಿ ಜಿಲ್ಲೆಯ ಖಾನಾಪುರದ ಅಬ್ದುಲ್ ಕರೀಂ ತೆಲಗಿ 2001ರಲ್ಲಿ ಅಜ್ಮೇರ್‌ನಲ್ಲಿ ಸಿಕ್ಕಿಬಿದ್ದ, 2017ರಲ್ಲಿ ಬೆಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡ. ನಾಸಿಕ್‌ನ ಸರ್ಕಾರಿ ಮುದ್ರಣಾಲಯ ಹಳೆಯದೆಂದು ವಿಲೇವಾರಿ ಮಾಡಿದ ಯಂತ್ರಗಳು ಅವನ ಕೈ ಸೇರಿದ್ದವು ಅಂತ ಆಗ ವರದಿಯಾಗಿತ್ತು. ಬಳಸೋದು ನಿಲ್ಲಿಸಿದ ಮಾತ್ರಕ್ಕೆ ಸಲಕರಣೆಯ ಮಾತಾಡುವ ಶಕ್ತಿ ನಿಲ್ಲಲ್ಲ. ಕೊನೇ ಸಲ ತೊಳೆದು, ಕೊನೇ ಮುದ್ರೆಯನ್ನು ದಾಖಲೆಗೆ ಒತ್ತಿ, ಬ್ಲೇಡಿನಿಂದ ಸೀಲಿನ ಮುಖಕ್ಕೆ ಅಡ್ಡ ಗೀರು ಹಾಕುವ ತನಕ ಅದು ನಮ್ಮ ಹೆಸರಲ್ಲಿ ಸುಳ್ಳು ಹೇಳೋಕೆ ತಯಾರಾಗೇ ಇರುತ್ತೆ. ಕೆಲಸ ಬಿಟ್ಟ ಮೇಲೂ ತೆರೆದೇ ಇರುವ ನಿಮ್ಮ ಹಳೇ ಲಾಗಿನ್, ಪಾಸ್‌ವರ್ಡ್‌ಗಳಿಗೂ ಇದೇ ಮಾತು.

ಭಾನುವಾರ ಬಿಡುವಲ್ಲಿ ಹೂವು ಬಳ್ಳಿಗಳ ಸೀಲು ಒತ್ತಿ ಗ್ರೀಟಿಂಗ್ ಕಾರ್ಡು, ಡೈರಿ ಅಲಂಕಾರ ಮಾಡುವ ಗೆಳತಿಯರು ನನಗೆ ಕೆಲವರಿದ್ದಾರೆ. ಅವರ ಸೀಲುಗಳು ಯಾವಾಗಲೂ ಫಳಫಳ. ಕೆಂಪು ಒತ್ತಿ ಹಳದಿಗೆ ಹೋಗುವ ಮುಂಚೆ ಒರೆಸ್ತಾರೆ, ಸಂಜೆ ತೊಳೆದು ಡಬ್ಬಿಯಲ್ಲಿಡ್ತಾರೆ. ಅಲ್ಲಿ ಒಂದು ಎಸಳು ಮಸುಕಾದರೆ ಯಾರಿಗೂ ಏನೂ ನಷ್ಟವಿಲ್ಲ. ಆದರೂ ಅಷ್ಟು ಜೋಪಾನ, ಯಾಕಂದರೆ ಒತ್ತಿದ್ದನ್ನು ಅವರು ನೋಡ್ತಾರೆ, ನೋಡಿ ಖುಷಿಪಡ್ತಾರೆ. ಇದನ್ನ ಪ್ರೀತಿ ಅನ್ನಿ, ಹವ್ಯಾಸ ಅನ್ನಿ. ಪ್ರೀತಿ ಇರುವ ಕಡೆ ನೋಡಿಕೊಳ್ಳೋದು ಭಾರ ಅನ್ನಿಸಲ್ಲ. ಪ್ರೀತಿ ಇಲ್ಲದ ಕಡೆಯೂ, ಮಂಗಳವಾರ ಮಧ್ಯಾಹ್ನ ನಾಲ್ಕು ಗಂಟೆಗೆ, ನೂರಾ ಎಂಟನೇ ಕಾಗದಕ್ಕೂ ಅಷ್ಟೇ ಜೋಪಾನ ಮಾಡಬೇಕಾದರೆ ಏನು ಬೇಕು? ಅದಕ್ಕೆ ನಾವಿಟ್ಟ ಹೆಸರು ಕರ್ತವ್ಯ. ಹೆಸರು ಸ್ವಲ್ಪ ಒಣಕಲು, ನಿಜ. ಆದರೆ ಆ ಕಾಗದ ಹಿಡಿದು ನೆಲಮಂಗಲದ ಬಸ್ಸು ಹತ್ತುವ ಮುದುಕಮ್ಮನಿಗೆ ಒತ್ತುವವರ ಮನಸ್ಸಿನಲ್ಲಿ ಪ್ರೀತಿ ಇತ್ತಾ, ಕರ್ತವ್ಯ ಇತ್ತಾ ಅನ್ನೋದು ಬೇಕಾಗಿಲ್ಲ. ‘ಧ’ ಸೀಳು ಕಾಣುವ ಹಾಗಿದ್ದರೆ ಸಾಕು.